ಒಂದು ಮಿಲಿಮೀಟರಿನ ಮಾವ

ನಮ್ಮ ಮಾವನಿಗೆ ಒಂದು ಮಿಲಿಮೀಟರಿಗಿಂತ ದೊಡ್ಡ ಸಂಗತಿಗಳಲ್ಲಿ ಆಸಕ್ತಿಯಿಲ್ಲ. ಇದು ಸೋದರಸೊಸೆಯ ಕುಹಕವೆಂದು ತಿಳಿಯಬೇಡಿ, ಸಾಕ್ಷ್ಯ ಕೊಟ್ಟು ಸಾಬೀತು ಮಾಡಬಲ್ಲೆ. ಅತ್ತೆಯನ್ನು ಒಪ್ಪಿದ್ದು ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ನೋಡಿ, ಅದೂ ಕೈಯಲ್ಲಿದ್ದ ಚಹಾ ಆರುವುದರೊಳಗೆ. ಕಾರು ಕೊಂಡದ್ದು ಅದರ ಬಾಗಿಲನ್ನು ಒಮ್ಮೆ ಹಾಕಿ, ಸದ್ದು ಕೇಳಿ. ಮೂಡಬಿದ್ರೆಯ ಹತ್ತಿರದ ಜಾಗವನ್ನಂತೂ ಕತಾರಿನಲ್ಲಿ ಕೂತು ಫೋನಿನಲ್ಲೇ ಖರೀದಿಸಿದರು. ರಜೆಯಲ್ಲಿ ಊರಿಗೆ ಹೋಗಿ ನೋಡಿದರೆ ಜಾಗದ ಅರ್ಧ ಭಾಗ ಕೆರೆ! "ನೀರಿನ ತೊಂದರೆ ಇಲ್ಲ ಅಂತಾಯ್ತು" ಎಂದು ಸಮಾಧಾನವಾಗಿ ವಾಪಸು ಬಂದರು.

ಇಂಥ ಮನುಷ್ಯ ಈ ವರ್ಷ ಒಂದು ವಿಷಯದಲ್ಲಿ ಮಾತ್ರ ಹಗಲು ರಾತ್ರಿ ಒದ್ದಾಡಿದರು: ಸಣ್ಣ ಪ್ರೈಮರೋ, ದೊಡ್ಡ ಪ್ರೈಮರೋ?

ಹಾಗೆಂದರೇನು ಎಂದು ನೀವು ಕೇಳುತ್ತೀರಿ. ಅಲ್ ಖೋರಿನ ಅವರ ಫ್ಲ್ಯಾಟಿನಲ್ಲಿ ಉಳಿದುಕೊಂಡು ಲುಸೈಲಿನ ಆಫೀಸಿಗೆ ಓಡಾಡುವ ನಾನೂ ಮೊದಲು ಹಾಗೆಯೇ ಕೇಳಿದ್ದೆ. ಉತ್ತರಕ್ಕೆ ಒಂದು ಇಡೀ ಶುಕ್ರವಾರ ಹೋಯಿತು. ನಿಮಗೆ ಚಿಕ್ಕದಾಗಿ ಹೇಳುತ್ತೇನೆ.

ಮಾವ ಕತಾರಿಗೆ ಬಂದದ್ದು ಇಂಡಸ್ಟ್ರಿಯಲ್ ಏರಿಯಾದ ಒಂದು ಗೋಡೌನಿಗೆ. ಅಲ್ಲಿಂದ ಹೇಗೋ ಜಾರಿ, ಮರಳಿನ ನಡುವಿನ ಒಂದು ಶೂಟಿಂಗ್ ಕ್ಲಬ್ಬಿನ ಮದ್ದಿನ ಕೋಣೆಗೆ ಬಂದು ಬಿದ್ದರು. ಸ್ವತಃ ಜನ್ಮದಲ್ಲಿ ಒಂದು ಗುಂಡು ಹೊಡೆದವರಲ್ಲ. ಜಿರಳೆ ಕಂಡರೂ ಅತ್ತೆಯನ್ನು ಕರೆಯುತ್ತಾರೆ! ಆದರೆ ದೂರದ ಗುರಿಗೆ ರೈಫಲ್ಲಿನಲ್ಲಿ ಹೊಡೆಯುವ ಶೋಕಿಯವರಿಗೆ ತೋಟೆ ತುಂಬಿಸಿಕೊಡುವುದರಲ್ಲಿ ಎತ್ತಿದ ಕೈ. ಆ ಶೋಕಿಯವರು ಅಂಗಡಿಯ ರೆಡಿಮೇಡ್ ತೋಟೆಯನ್ನು ನಂಬುವುದಿಲ್ಲ. ಒಮ್ಮೆ ಹೊಡೆದು ಖಾಲಿಯಾದ ಹಿತ್ತಾಳೆ ಕೇಸನ್ನೇ ತೊಳೆದು, ತಿದ್ದಿ, ಮತ್ತೆ ಮದ್ದು ತುಂಬಿ, ಹೊಸ ಗುಂಡು ಕೂರಿಸಿ, ಕೈಯಾರೆ ಮಾಡಿದ್ದೇ ಆಗಬೇಕು. ಆ ಕೇಸಿನ ಬುಡದಲ್ಲೊಂದು ಕುಳಿ. ಕುಳಿಯಲ್ಲಿ ಕೂರುವ ಪುಟಾಣಿ ಲೋಹದ ಬಟ್ಟಲೇ ಪ್ರೈಮರ್. ದೀಪಾವಳಿಯಲ್ಲಿ ಆಟದ ಪಿಸ್ತೂಲಿಗೆ ಹಾಕುತ್ತಿದ್ದೆವಲ್ಲ ಕೇಪು, ಅದೇ ಕೇಪು ಬೆಳೆದು ನೌಕರಿಗೆ ಸೇರಿದಂತೆ! ರೈಫಲ್ಲಿನ ಮೊಳೆ ಅದಕ್ಕೆ ಕುಟ್ಟಿದರೆ ಕಿಡಿ, ಕಿಡಿಗೆ ಮದ್ದು ಹತ್ತುತ್ತದೆ, ಗುಂಡು ಹೊರಡುತ್ತದೆ.

ಈ ಪ್ರೈಮರಿನಲ್ಲಿ ಎರಡು ಅಳತೆ. ಸಣ್ಣದು ಕೊತ್ತಂಬರಿ ಬೀಜದಷ್ಟು, ದೊಡ್ಡದು ಕಾಳುಮೆಣಸಿನಷ್ಟು. ನಡುವಿನ ಅಂತರ ಒಂದು ಮಿಲಿಮೀಟರಿಗೂ ಚೂರು ಕಡಿಮೆ. ಎಷ್ಟೋ ತೋಟೆಗಳಲ್ಲಿ ಯಾವುದಕ್ಕೆ ಯಾವುದು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ, ತಲೆನೋವಿಲ್ಲ. ಆದರೆ ಈ ಕ್ಲಬ್ಬಿನವರು ಹೊಡೆಯುವ ತೋಟೆಯ ಕೇಸು ಎರಡೂ ಬಗೆಯ ಕುಳಿಯಲ್ಲಿ ಬರುತ್ತದೆ. ನಿಲ್ಲಿಸಿಟ್ಟರೆ ಅವಳಿಜವಳಿ. ಬುಡ ಮೇಲೆ ಮಾಡಿ ನೋಡಿದರಷ್ಟೇ ಗೊತ್ತು.

ರಂಜಾನ್ ಮುಗಿದ ಸ್ವಲ್ಪ ದಿನಕ್ಕೆ ಆದದ್ದು ಇದೇ. ದೊಡ್ಡ ಕುಳಿಯ ಕೇಸುಗಳ ಡಬ್ಬಿಯಲ್ಲಿ ಸಣ್ಣ ಕುಳಿಯದೊಂದು ಬಂದು ಕೂತಿತ್ತು. ಮಾವ ಅದಕ್ಕೆ ದೊಡ್ಡ ಪ್ರೈಮರ್ ಇಟ್ಟು ಒತ್ತಿಯೇ ಒತ್ತಿದರು. ಪ್ರೈಮರ್ ಅಪ್ಪಚ್ಚಿ. ಪುಣ್ಯಕ್ಕೆ ಸಿಡಿಯಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೆ ಮುದೀರ್, ಅಂದರೆ ಕ್ಲಬ್ಬಿನ ಮ್ಯಾನೇಜರ್, ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು!

"ಏಸಿ ಸದ್ದಲ್ಲಿ ಗೊತ್ತಾಗ್ಲಿಲ್ಲ" ಎಂದು ಮಾವ ಮನೆಗೆ ಬಂದು ವರದಿ ಒಪ್ಪಿಸಿದರು.

"ಕೈಯಲ್ಲಿ ಒತ್ತುದಕ್ಕೂ ಏಸಿ ಸದ್ದಿಗೂ ಎಂತ ಸಂಬಂಧ ಮಾವ?" ಎಂದೆ.

"ನಿನಗೆ ಏಸಿ ರಿಪೇರಿ ಗೊತ್ತುಂಟಾ? ಪ್ರೈಮರ್ ಗೊತ್ತುಂಟಾ? ಎರಡೂ ಗೊತ್ತಿಲ್ಲದಿದ್ರೆ ಊಟ ಮಾಡು."

ಮುದೀರ್ ಕೂಗಾಡುವವರಲ್ಲ. ನಿಧಾನವಾಗಿ ತೀರ್ಪು ಕೊಟ್ಟರಂತೆ: ಇನ್ನು ಮೇಲೆ ಕೋಣೆಯಲ್ಲಿ ಒಂದೇ ಬಗೆಯ ಕೇಸು, ಇನ್ನೊಂದು ಗುಜರಿಗೆ. ಯಾವುದು ಇರಬೇಕೆಂದು ನೀನೇ ಆರಿಸು, ಕಾರಣ ಕೊಡು. ಆಗದಿದ್ದರೆ ನೀನು ತೋಟೆ ತುಂಬುವ ಈ ಬೆಂಚನ್ನೇ ಮುಚ್ಚಿಬಿಡೋಣ, ರೆಡಿಮೇಡ್ ತರಿಸುತ್ತೇನೆ. ಬೆಂಚು ಮುಚ್ಚಿದರೆ ಮಾವನ ವೀಸಾಕ್ಕೆ ಬೇರೆ ಆಧಾರವಿಲ್ಲ. ತಲೆ ಪೂರ್ತಿ ನರೆತವರಿಗೆ ಇಲ್ಲಿ ಹೊಸ ಕೆಲಸ ಕೊಡುವವರು ಯಾರು? ಖಲಾಸ್, ಗಂಟುಮೂಟೆ ಕಟ್ಟುವುದೇ. ಅದಕ್ಕಿಂತ ಹೆಚ್ಚಾಗಿ, ಆ ಬೆಂಚು ಹೋದರೆ ಮಾವನಿಗೆ ಕೂರಲು ಜಗತ್ತಿನಲ್ಲಿ ಬೇರೆ ಜಾಗವೇ ಇಲ್ಲ ಎಂಬುದು ಅತ್ತೆಗೂ ಗೊತ್ತು, ನನಗೂ ಗೊತ್ತು.

ಆಗ ಮಾವನಿಗೆ ಮನೆಯೊಳಗೇ ಒಬ್ಬಳು ವಕೀಲೆ ಇರುವುದು ನೆನಪಾಯಿತು.

"ನೀನು ಕಾಲೇಜಲ್ಲಿ ಮಾತಾಡಿ ಮಾತಾಡಿಯೇ ಕಪ್ ತಂದವಳಲ್ವಾ? ದೊಡ್ಡ ಪ್ರೈಮರೇ ಸರಿ ಅಂತ ಇಂಗ್ಲಿಷಲ್ಲಿ ಒಂದು ಗಟ್ಟಿ ಭಾಷಣ ಬರೆದುಕೊಡು ಮಾರಾಯ್ತಿ."

"ಬರೆಯುವಾ. ಆದ್ರೆ ದೊಡ್ಡದೇ ಯಾಕೆ?"

"ಯಾಕೆ ಅಂದ್ರೆ? ದೊಡ್ಡದು ದೊಡ್ಡದೇ ಅಲ್ವಾ!"

ಮಾನ್ಯ ತೀರ್ಪುಗಾರರೇ, ಇದೊಂದು ವಾದವೇ? ನಾನು ಆಫೀಸಿನಲ್ಲಿ ಮಾಡುವುದು ಇನ್ಶೂರೆನ್ಸ್ ಕ್ಲೇಮುಗಳ ಪರಿಶೀಲನೆ. "ಕಾರಿಗೆ ಒಂಟೆ ಗುದ್ದಿತು" ಎಂದು ಯಾರಾದರೂ ಬರೆದರೆ ಒಂಟೆಯ ಫೋಟೋ ಕೇಳುವವಳು. ಮಾವನ ಮಾತನ್ನು ಹಾಗೆಯೇ ನುಂಗುವುದುಂಟೇ? ಚರ್ಚಾಸ್ಪರ್ಧೆಯಲ್ಲಿ ನಮಗೆ ಕಲಿಸಿದ್ದು ಒಂದೇ ನಿಯಮ: ನಿನ್ನ ಪಕ್ಷವನ್ನು ಎದುರಾಳಿ ಒಡೆಯುವ ಮೊದಲು ನೀನೇ ಒಡೆದು ನೋಡು, ಉಳಿದರೆ ಮಾತ್ರ ವೇದಿಕೆಗೆ ಹತ್ತು. ಹಾಗಾಗಿ ಊಟದ ಮೇಜೇ ವೇದಿಕೆಯಾಯಿತು. ಮಾವ ದೊಡ್ಡದರ ಪರ, ನಾನು ವಿರೋಧ. ಅತ್ತೆ ತೀರ್ಪುಗಾರ್ತಿ, ಕೈಯಲ್ಲಿ ಸಾರಿನ ಸೌಟು.

ಮೊದಲ ದಿನ ಮಾವ ತಂದದ್ದು ಚಳಿಯ ವಾದ. "ಚಳಿಯಲ್ಲಿ ಸಣ್ಣದರ ಕಿಡಿ ಸಾಕಾಗುದಿಲ್ಲ. ದೊಡ್ಡದಾದ್ರೆ ಮದ್ದು ಗ್ಯಾರಂಟಿ ಹತ್ತಿಕೊಳ್ತದೆ. ದೊಡ್ಡ ದೊಡ್ಡ ಶೂಟರುಗಳು ಹೇಳಿದ ಮಾತು ಇದು."

"ಅವರೆಲ್ಲ ಎಲ್ಲಿಯವರು?"

"ಹಿಮ ಬೀಳುವ ಕಡೆಯವರು."

"ನಾವೆಲ್ಲಿದ್ದೇವೆ?"

ಮಾವ ಕಿಟಕಿಯತ್ತ ನೋಡಿದರು. ಹೊರಗೆ ನಿಲ್ಲಿಸಿದ ಕಾರಿನ ಮೇಲೆ ದೋಸೆ ಹೊಯ್ಯಬಹುದಾಗಿತ್ತು! ಆದರೂ ಬಿಡುವವರೇ? ಎದ್ದು ಹೋಗಿ ಏಸಿಯನ್ನು ಹದಿನಾರಕ್ಕೆ ಇಳಿಸಿ, ಪೆಟ್ಟಿಗೆಯ ತಳದಿಂದ ಸ್ವೆಟರ್ ತೆಗೆದು ತಲೆಗೆ ತುರುಕಿಕೊಂಡು ಬಂದು ಕೂತು, "ಈಗ ಹೇಳು, ಚಳಿ ಉಂಟಾ ಇಲ್ವಾ?" ಎಂದರು. "ಕರೆಂಟ್ ಬಿಲ್ಲು ಬರ್ಲಿ, ಬೆವರು ಬರ್ತದೆ" ಎಂದು ಅತ್ತೆ ತೀರ್ಪು ಕೊಟ್ಟರು. ಒಂದು ಅಂಕ ನನಗೆ.

ಆ ವಾರ ನಾನೂ ಸುಮ್ಮನಿರಲಿಲ್ಲ. ಕಂಪೆನಿ ಬಸ್ಸಿನಲ್ಲಿ ಹೋಗುತ್ತ ಬರುತ್ತ ತೋಟೆ ತುಂಬುವವರ ಜಗಳಗಳನ್ನೆಲ್ಲ ಫೋನಿನಲ್ಲಿ ಓದಿದೆ. ಅಬ್ಬಾ, ಎಂಥ ಭಕ್ತರು! ನಾಲ್ಕೈದು ಗುಂಡು ಹೊಡೆದು ಒಂದು ಸಿದ್ಧಾಂತ ಕಟ್ಟುತ್ತಾರೆ, ಮರುದಿನ ಗಾಳಿ ಬದಲಾದರೆ ಇನ್ನೊಂದು ಕಟ್ಟುತ್ತಾರೆ. ಸಣ್ಣ ಪ್ರೈಮರಿನಿಂದ ಗುಂಡುಗಳ ವೇಗ ಒಂದೇ ಸಮ ಬರುತ್ತದೆ ಎಂಬುದರಲ್ಲಿ ಎಷ್ಟು ಸತ್ಯ, ಎಷ್ಟು ಭಕ್ತಿ ಎಂದು ನನಗೆ ಈಗಲೂ ಅನುಮಾನವಿದೆ. ಆದರೆ ಒಂದು ಮಾತು ಎಲ್ಲ ಜಗಳ ಸೋಸಿದ ಮೇಲೂ ಜರಡಿಯಲ್ಲಿ ಉಳಿಯಿತು. ಕುಳಿ ಸಣ್ಣದಾದರೆ ಅದರ ಸುತ್ತ ಹಿತ್ತಾಳೆ ಹೆಚ್ಚು ಉಳಿಯುತ್ತದೆ. ಹಿತ್ತಾಳೆ ಹೆಚ್ಚಿದ್ದರೆ ಬುಡ ಗಟ್ಟಿ, ಕುಳಿ ಬೇಗ ಸಡಿಲಾಗದು, ಅದೇ ಕೇಸು ಹೆಚ್ಚು ಸಲ ಬಾಳುತ್ತದೆ. "ಇದು ಭಕ್ತಿಯಲ್ಲ, ಲೋಹ" ಎಂದು ಆ ರಾತ್ರಿಯೇ ಊಟದ ಮೇಜಿನಲ್ಲಿ ಸಾರಿದೆ.

ಎರಡನೆಯ ಸುತ್ತಿಗೆ ಮಾವ ಪ್ರಾತ್ಯಕ್ಷಿಕೆಯೊಂದಿಗೆ ಬಂದರು. ಬೆಂಕಿಕಡ್ಡಿಯ ಎರಡು ಪೆಟ್ಟಿಗೆ, ಒಂದರಲ್ಲಿ ಗಿಡ್ಡ ಕಡ್ಡಿ, ಇನ್ನೊಂದರಲ್ಲಿ ಉದ್ದದ ದಪ್ಪ ಕಡ್ಡಿ. "ನೋಡು, ದೊಡ್ಡ ಕಡ್ಡಿಗೆ ಹೇಗೆ ಭಗ್ಗಂತ ಹತ್ತಿಕೊಳ್ತದೆ ಒಲೆ!" ಗಿಡ್ಡ ಕಡ್ಡಿಗೂ ಹತ್ತಿಕೊಂಡಿತು. ಎರಡು ಒಲೆಯಲ್ಲಿ ಎರಡು ಚಹಾ ಕುದಿಯಿತು. ಮಾವ ಎರಡೂ ಪಾತ್ರೆಗಳನ್ನು ಬಟ್ಟೆ ಇಕ್ಕಳ ಏನೂ ಇಲ್ಲದೆ ಬರಿಗೈಯಲ್ಲಿ ಎತ್ತಿ ಇಳಿಸಿದರು.

"ಸುಡುದಿಲ್ವಾ?" ಎಂದು ನಾನು ಹೌಹಾರಿದೆ.

"ಗಲ್ಫಿನ ಬಿಸಿಲು ತಿಂದ ಕೈ ಇದು. ಇದಕ್ಕೆ ಎಂತದೂ ಆಗುದಿಲ್ಲ!"

"ಅದಿರ್ಲಿ, ದೊಡ್ಡ ಕಡ್ಡಿಯ ಚಹಾ ಯಾವುದು, ಸಣ್ಣ ಕಡ್ಡಿಯದು ಯಾವುದು? ಕುಡಿದು ಹೇಳಿ ನೋಡುವಾ."

ಮಾವ ಎರಡನ್ನೂ ಕುಡಿದರು. ಬಹಳ ಹೊತ್ತು ಯೋಚಿಸಿದರು. "ಎರಡರಲ್ಲೂ ಸಕ್ಕರೆ ಕಡಿಮೆ" ಎಂದರು. "ಡಾಕ್ಟ್ರು ಅದನ್ನೇ ಹೇಳಿದ್ದು" ಎಂದು ಅತ್ತೆ ಸಕ್ಕರೆ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಏರಿಸಿದರು. ಎರಡನೆಯ ಅಂಕವೂ ನನಗೇ.

ಮಾವ ಒಮ್ಮೆ ನಿಜಕ್ಕೂ ಒಳ್ಳೆಯ ವಾದ ಹೂಡಿದರು, ಒಪ್ಪಿಕೊಳ್ಳುತ್ತೇನೆ. ಸಣ್ಣ ಕುಳಿಯ ಕೇಸಿನ ನಡುವಿನ ತೂತೂ ಸಣ್ಣದು, ಹಳೆಯ ಪ್ರೈಮರನ್ನು ತಳ್ಳಿ ತೆಗೆಯುವ ಪಿನ್ನು ಅದರಲ್ಲಿ ಸಿಕ್ಕಿಕೊಂಡು ಮುರಿಯುತ್ತದೆ ಎಂದರು. ನಾನು ಒಂದು ದಿನ ತಡವರಿಸಿದೆ. ಮರುದಿನ, "ತೆಳು ಪಿನ್ನು ಸಿಗ್ತದೆ, ತರಿಸಿ" ಎಂದೆ. ಮಾವನ ಮುಖ ನೋಡಬೇಕಿತ್ತು! ಮೀನಿನ ಸಾರಿನಲ್ಲಿ ಮೀನೇ ಸಿಗದವರ ಹಾಗಾಗಿತ್ತು.

ಆಮೇಲೆ ಕೊತ್ತಂಬರಿಯ ದಿನ. ನನಗೆ ಅಳತೆಯ ಅಂದಾಜಿಲ್ಲ ಎಂದು ಆರೋಪಿಸಿ, ತಟ್ಟೆಯಲ್ಲಿ ಕೊತ್ತಂಬರಿ ಬೀಜವನ್ನೂ ಕಾಳುಮೆಣಸನ್ನೂ ಸುರಿದುಕೊಂಡು ಪಾಠಕ್ಕೆ ಕೂತರು. ಕಾಳುಮೆಣಸನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ಕೊತ್ತಂಬರಿಯನ್ನು ಎತ್ತಿದರು, ಬಿತ್ತು. ಮತ್ತೆ ಎತ್ತಿದರು, ಉರುಳಿ ಫ್ರಿಜ್ಜಿನ ಅಡಿಗೆ ಹೋಯಿತು.

"ಎಂತ ಕೊತ್ತಂಬರಿ ಇದು? ಜಾರ್ತದೆ! ಯಾವ ಅಂಗಡಿಯಿಂದ ತಂದದ್ದು?"

"ಇಷ್ಟು ವರ್ಷ ಅದೇ ಅಂಗಡಿ" ಎಂದರು ಅತ್ತೆ.

"ಹಾಗಾದ್ರೆ ಅವನು ಎಣ್ಣೆ ಹಚ್ಚಿ ಮಾರ್ಲಿಕ್ಕೆ ಶುರು ಮಾಡಿದ್ದಾನೆ!"

ನಾನು ಹೊಟ್ಟೆ ಹಿಡಿದು ನಕ್ಕೆ. ಅತ್ತೆಯೂ ನಕ್ಕರು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು. ಇತ್ತೀಚೆಗೆ ಮಾವ ಕೆಲಸಕ್ಕೆ ಹೊರಡುವಾಗ ಅತ್ತೆಯ ಎದುರು ಎದೆಯುಬ್ಬಿಸಿ ನಿಲ್ಲುತ್ತಿದ್ದರು. ಅತ್ತೆ ಅಂಗಿಯ ಬಟನ್ ಒಂದೊಂದಾಗಿ ಹಾಕಬೇಕು. "ನೀನು ಮದುವೆಯಾದ ಮೇಲೆ ಗೊತ್ತಾಗ್ತದೆ, ಇದಕ್ಕೆಲ್ಲ ಪ್ರೀತಿ ಅಂತ ಹೇಳುದು" ಎಂದು ನನಗೆ ಉಪದೇಶ ಬೇರೆ. "ಪ್ರೀತಿಯೂ ಇಲ್ಲ ಮಣ್ಣೂ ಇಲ್ಲ, ಸೋಮಾರಿತನ" ಎನ್ನುತ್ತ ಅತ್ತೆ ಬಟನ್ ಹಾಕುತ್ತಿದ್ದರು. ಅಷ್ಟಾದರೂ ಕೊನೆಯ ಬಟನಿನ ಮೇಲೆ ಒಮ್ಮೆ ತಟ್ಟದೆ ಬಿಡುತ್ತಿರಲಿಲ್ಲ.

ಕೊನೆಗೆ ಮುದೀರ್ ಕರೆದ ಗುರುವಾರ ಬಂತು. ಎಷ್ಟೇ ಗೆದ್ದರೂ ನಾನು ಮಾವನ ವಕೀಲೆ ತಾನೇ? ಮನಸ್ಸು ಒಪ್ಪದ ಪಕ್ಷಕ್ಕೂ ಮಾತಾಡುವುದೇ ಚರ್ಚೆಯ ತರಬೇತಿ. ದೊಡ್ಡ ಪ್ರೈಮರಿನ ಪರವಾಗಿ, ಸುಳ್ಳು ಹೇಳದೆ, ಇದ್ದುದರಲ್ಲೇ ಚಂದ ಮಾಡಿ ಒಂದು ಪುಟ ಬರೆದುಕೊಟ್ಟಿದ್ದೆ. ಕೋಣೆಯಲ್ಲಿ ಆಗಲೇ ದೊಡ್ಡ ಕುಳಿಯ ಕೇಸುಗಳೇ ಹೆಚ್ಚಿವೆ, ಅದಕ್ಕೆ ಬೇಕಾದ ಸಲಕರಣೆಯೂ ಇದೆ, ಮಾವನ ಕೈ ಪಳಗಿದೆ, ಬದಲಾಯಿಸಿದರೆ ಹೊಸ ತಪ್ಪುಗಳಿಗೆ ಅವಕಾಶ. ಸೋಲುವ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಪುಟ ಬರೆಯುವುದು ಕಷ್ಟ. ಅರ್ಧ ದಿನ ರಜೆ ಹಾಕಿ ಜೊತೆಗೂ ಹೋದೆ.

ಮುದೀರ್ ನಮಗೆ ಅರಬ್ಬಿ ಕಾಫಿ, ಕಹ್ವಾ, ತರಿಸಿದರು. ಹಿಡಿಯಿಲ್ಲದ ಆ ಪುಟ್ಟ ಕಪ್ಪನ್ನು ಮಾವ ಎರಡೂ ಕೈಯಲ್ಲಿ ಹಿಡಿದು ಕುಡಿದರು, ಪ್ರಸಾದದ ಹಾಗೆ. ನನ್ನ ಪುಟ ಅವರ ಜೇಬಿನಲ್ಲಿತ್ತು.

"ಯಲ್ಲಾ ಸದೀಕ್, ಹೇಳು ಗೆಳೆಯಾ, ಯಾವುದು?" ಎಂದು ಮುದೀರ್ ಇಂಗ್ಲಿಷಿನಲ್ಲಿ ಕೇಳಿದರು, ನನಗೂ ತಿಳಿಯಲಿ ಎಂದು.

"ಸಣ್ಣದು ಸಾರ್" ಎಂದರು ಮಾವ.

ನನಗೆ ಕಹ್ವಾ ನೆತ್ತಿಗೆ ಹತ್ತಿತು. ಮಾವ ಪುಟವನ್ನು ಹೊರಗೆ ತೆಗೆಯಲೇ ಇಲ್ಲ. ಊಟದ ಮೇಜಿನಲ್ಲಿ ನಾನು ಅವರ ವಿರುದ್ಧ ಹೂಡಿದ ಒಂದೊಂದು ವಾದವನ್ನೂ ಅದೇ ಕ್ರಮದಲ್ಲಿ ಮುದೀರ್ ಮುಂದೆ ಇಟ್ಟರು. ಇಲ್ಲಿ ಚಳಿ ಇಲ್ಲ, ಬುಡ ಗಟ್ಟಿ, ಕುಳಿ ಸಡಿಲಾಗುವುದಿಲ್ಲ, ತೆಳು ಪಿನ್ನು ಸಿಗುತ್ತದೆ. "ಇದು ಭಕ್ತಿಯಲ್ಲ ಸಾರ್, ಲೋಹ" ಎಂಬುದನ್ನೂ ಬಿಡಲಿಲ್ಲ! ಮುದೀರ್ ತಲೆಯಾಡಿಸಿದರು. ನಾನು ಗೆದ್ದಿದ್ದೆ. ಇಷ್ಟು ಸಂಪೂರ್ಣವಾಗಿ ಕಾಲೇಜಿನಲ್ಲೂ ಗೆದ್ದಿರಲಿಲ್ಲ.

ಆಮೇಲೆ ಮಾವ ಅರಬ್ಬಿಯಲ್ಲಿ ಏನೋ ಹೇಳಿದರು. ನನಗೆ ಆ ಭಾಷೆ ಅಂಗಡಿಯ ಮಟ್ಟಿಗಷ್ಟೇ. ಹೇಳುತ್ತ ಬಲಗೈಯನ್ನು ಮೇಜಿನ ಮೇಲೆ ಚಾಚಿದರು. ಮುದೀರ್ ಆ ಕೈಯನ್ನು ತೆಗೆದುಕೊಂಡು, ಹೆಬ್ಬೆರಳಿನ ತುದಿಯನ್ನು ಉಗುರಿನಿಂದ ಒತ್ತಿ, ಏನೋ ಕೇಳಿದರು. ಮಾವ "ಮಾಫಿ" ಎಂದರು. ತೋರುಬೆರಳನ್ನು ಒತ್ತಿದರು. ಮತ್ತೆ "ಮಾಫಿ". ಇಲ್ಲ ಎಂಬುದಕ್ಕೆ ಆ ಪದವೆಂದು ನನಗೂ ಗೊತ್ತು.

ವಾಪಸು ಬರುವಾಗ ಮಾವ ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಅಲ್ ಖೋರಿನ ರಸ್ತೆ ಹಿಡಿದ ಮೇಲೆ ಕೇಳಿದೆ, "ಎಂತ ಹೇಳಿದ್ರಿ ಅವರತ್ರ?"

"ಸಣ್ಣದು ಕೂತದ್ದು ಬೆರಳಿಗೆ ಗೊತ್ತಾಗುದಿಲ್ಲ ಈಗ, ಅಂತ ಹೇಳಿದೆ." ಕಿಟಕಿಯ ಹೊರಗೆ ನೋಡುತ್ತಿದ್ದರು. "ಪ್ರೈಮರ್ ಕುಳಿಯ ತಳಕ್ಕೆ ಮುಟ್ಟಿತಾ ಇಲ್ವಾ ಅಂತ ಹೆಬ್ಬೆರಳೇ ಹೇಳ್ಬೇಕು. ನನ್ನದು ಹೇಳುದು ಬಿಟ್ಟಿದೆ. ದೊಡ್ಡದು ಇನ್ನೂ ಸ್ವಲ್ಪ ಹೇಳ್ತದೆ ಅಂತ ಗ್ರಹಿಸಿದ್ದೆ. ಆವತ್ತು ಅದೂ ಹೇಳ್ಲಿಲ್ಲ. ಏಸಿ ಸದ್ದಲ್ಲ ಅದು."

ಬರಿಗೈಯಲ್ಲಿ ಇಳಿಸಿದ ಚಹಾ, ಎಣ್ಣೆ ಹಚ್ಚಿದ ಕೊತ್ತಂಬರಿ, ಬೆಳಗಿನ ಬಟನಿನ ಪ್ರೀತಿ, ಮೇಲಿನ ಶೆಲ್ಫಿನ ಸಕ್ಕರೆ. ಒಂಟೆಯ ಫೋಟೋ ಕೇಳುವವಳ ಎದುರಿಗೆ ಇಡೀ ಒಂಟೆಯೇ ದಿನವೂ ಓಡಾಡುತ್ತಿತ್ತು.

"ಮೊದಲೇ ಹೇಳ್ಬಹುದಿತ್ತಲ್ಲ ಮಾವ! ಅದಕ್ಕೆ ಮಾತ್ರ ನನ್ನ ಹತ್ರ ಉತ್ತರ ಇರ್ಲಿಲ್ಲ."

"ಅದು ವಾದ ಅಲ್ಲ ಮಾರಾಯ್ತಿ, ಅದು ನನ್ನ ಕಷ್ಟ. ನನ್ನ ಬೆರಳಿನ ಕಷ್ಟವನ್ನು ತೋಟೆಯ ಮೇಲೆ ಹಾಕುದು ಯಾಕೆ? ಹೊಡೆಯುವವನ ಮುಖ ಅದರ ಪಕ್ಕದಲ್ಲಿರ್ತದೆ. ನಿನ್ನ ಒಂದು ವಾದ ಆದ್ರೂ ಮುರಿದಿದ್ರೆ ದೊಡ್ಡದೇ ಅಂತ ಹೇಳಿ ಬೆಂಚಲ್ಲೇ ಕೂತಿರ್ತಿದ್ದೆನೋ ಏನೋ. ಎಂತ ಮಾಡಿದ್ರೂ ಮುರೀಲಿಲ್ಲ. ಗಟ್ಟಿ ಇದ್ದಿ ನೀನು."

ರಸ್ತೆಯುದ್ದಕ್ಕೂ ಲೈಟಿನ ಕಂಬಗಳು ಬಂದು ಹೋಗುತ್ತಿದ್ದವು.

"ಇನ್ನು ಬೆಂಚು?" ಎಂದು ಕೇಳಿದೆ.

"ಒತ್ತುವ ಕೆಲಸಕ್ಕೆ ಬೇರೆ ಜನ ತರ್ತಾರಂತೆ. ನನಗೆ ಕಣ್ಣು ಸರಿ ಉಂಟಲ್ಲ, ತೂಗುದು, ಅಳತೆ ನೋಡುದು ಮಾಡ್ಬಹುದಾ ಕೇಳಿದೆ. ಮೊದಲು ಡಾಕ್ಟ್ರಿಗೆ ತೋರಿಸು, ಆಮೇಲೆ ನೋಡುವಾ, ಇನ್ಶಾ ಅಲ್ಲಾ ಅಂದ್ರು." ಆಮೇಲೆ ಸೇರಿಸಿದರು, "ಅತ್ತೆಗೆ ನೀನೇ ಹೇಳು. ನಿನಗೆ ಭಾಷಣ ಅಭ್ಯಾಸ ಉಂಟಲ್ಲ."

ಹೇಳಿದೆ. ಯಾವ ಪೀಠಿಕೆಯೂ ಸಿಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅತ್ತೆ ಸೌಟನ್ನು ಕೆಳಗಿಟ್ಟು ಹೋಗಿ ಮಾವನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಆಮೇಲೆ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಮುಖ ತೊಳೆದರು.

ಶನಿವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಟೆವು. ಅತ್ತೆ ಕೆಳಗೆ ಕಾರಿನ ಹತ್ತಿರ ಹೋಗಿ ಆಗಿತ್ತು. ಮಾವ ಕೋಣೆಯಿಂದ ಬಂದರು, ಅಂಗಿಯ ಮೇಲಿನ ಎರಡು ಬಟನ್ ತೆರೆದೇ ಇದ್ದವು. ಸ್ವಲ್ಪ ಹೊತ್ತು ಒಬ್ಬರೇ ಪ್ರಯತ್ನಪಟ್ಟಿರಬೇಕು, ಕಾಜದ ಸುತ್ತ ಬಟ್ಟೆ ಮುದುಡಿತ್ತು. ನನ್ನ ಎದುರು ಬಂದು ನಿಂತರು. ಎದೆಯುಬ್ಬಿಸಲಿಲ್ಲ. ನಾನು ಬ್ಯಾಗು ಕೆಳಗಿಟ್ಟು ಬಟನ್ ಹಾಕತೊಡಗಿದೆ.

"ಇದಕ್ಕೂ ದೊಡ್ಡದೇ ಹಾಕಿಸ್ಬೇಕಿತ್ತು" ಎಂದರು, ತಲೆಯನ್ನು ಮೇಲೆತ್ತಿ ಗೋಡೆಯತ್ತ ನೋಡುತ್ತ.

ಬಟನ್ ದೊಡ್ಡದಾದರೆ ಕಾಜವೂ ದೊಡ್ಡದಾಗಬೇಕು, ಕಾಜ ದೊಡ್ಡದಾದರೆ ಬಟ್ಟೆ ಬೇಗ ಹರಿಯುತ್ತದೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಸಾಕ್ಷ್ಯ ಸಮೇತ.

"ಹೌದು ಮಾವ, ದೊಡ್ಡದೇ ಒಳ್ಳೇದು" ಎಂದೆ. ಕೊನೆಯ ಬಟನಿನ ಮೇಲೆ ಒಮ್ಮೆ ತಟ್ಟಿದೆ.